ಕೈ ಹೊಟ್ಟೆಯ ಮೇಲೆ, ಕಣ್ಣು ಮುಖದ ಮೇಲೆ

ಕಾಪುವಿನ ಓದುಗರೊಬ್ಬರ ಪತ್ರ: ಅವರ ಅತ್ತೆ ಆಸ್ಪತ್ರೆಯೊಂದರಲ್ಲಿದ್ದಾಗ ವೈದ್ಯ ವಿದ್ಯಾರ್ಥಿಗಳ ಗುಂಪು ಬಂತು. ಒಬ್ಬರಾದ ಮೇಲೆ ಒಬ್ಬರು ಹೊಟ್ಟೆ ಒತ್ತಿ ನೋಡಿ, ಇಂಗ್ಲಿಷಿನಲ್ಲಿ ಏನೋ ಮಾತಾಡಿಕೊಂಡು ಹೋದರು. ಅತ್ತೆಗೆ ತುಳು ಬಿಟ್ಟರೆ ಬೇರೆ ಬಾರದು. "ಇವರಿಗೆ ಕನಿಕರದ ಪಾಠವೇ ಇಲ್ಲವಾ?" ಎಂದು ಕೇಳಿದ್ದಾರೆ.

ಪಾಠ ಇದೆ. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ವೈದ್ಯರ ನಡವಳಿಕೆ, ನೀತಿ, ರೋಗಿಯ ಜತೆಗಿನ ಮಾತುಕತೆ ಎಲ್ಲಾ ಅದರೊಳಗೆ ಸೇರಿತು. ಕೋರ್ಸಿನ ಶುರುವಿನಲ್ಲೇ ಸ್ಥಳೀಯ ಭಾಷೆ ಕಲಿಸಬೇಕು ಅಂತಲೂ ಇದೆ. ಆದರೆ ನಮ್ಮ ಕರಾವಳಿಯಲ್ಲಿ ಸ್ಥಳೀಯ ಭಾಷೆ ಅಂದರೆ ಯಾವುದು? ಮಂಗಳೂರಿನ ವೆನ್ಲಾಕಿನಂಥ ಸರ್ಕಾರಿ ಆಸ್ಪತ್ರೆಗೆ ಬರುವವರು ತುಳು, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲಾ ಆಡುತ್ತಾರೆ. ದಿಲ್ಲಿಯಿಂದ ಬಂದ ಹುಡುಗ ಕಷ್ಟಪಟ್ಟು ನಾಲ್ಕು ಮಾತು ಕನ್ನಡ ಕಲಿತರೂ ನಿಮ್ಮ ಅತ್ತೆಯ ಹತ್ತಿರ ಮತ್ತೆ ಮೂಕನೇ.

ಆದರೂ ಭಾಷೆಯ ಮೇಲೆ ಜಾಸ್ತಿ ಭಾರ ಹಾಕುವುದು ಬೇಡ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವಿದ್ಯಾರ್ಥಿಗಳಲ್ಲಿ ರೋಗಿಯ ಬಗೆಗಿನ ಅನುಕಂಪ ಗಮನಾರ್ಹವಾಗಿ ಇಳಿದದ್ದು ಮೂರನೇ ವರ್ಷದಲ್ಲಿ. ಅಂದರೆ ವಾರ್ಡಿಗೆ ಕಾಲಿಟ್ಟ ಮೇಲೆ! ನನಗೇನೂ ಆಶ್ಚರ್ಯ ಆಗಲಿಲ್ಲ. ರೌಂಡ್ಸಿನಲ್ಲಿ ಮುಂದೆ ನಡೆಯುವ ಹಿರಿಯರು "ಏಳನೇ ಬೆಡ್ಡಿನ ಲಿವರ್" ಅಂದರೆ ಹಿಂದಿರುವವರೂ ಹಾಗೇ ಅನ್ನುತ್ತಾರೆ, ಅಲ್ವಾ?

ಕನಿಕರಕ್ಕೆ ಬೇರೆ ಪೀರಿಯಡ್ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೊಟ್ಟೆ ಪರೀಕ್ಷೆಯನ್ನೇ ನೋಡಿ. ಮೊದಲು ಹೆಸರು ಹೇಳಿ ಒಪ್ಪಿಗೆ ಕೇಳಬೇಕು. ಪರದೆ ಎಳೆಯಬೇಕು. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ನೋಯುವ ಜಾಗವನ್ನು ಕೊನೆಗೆ ಮುಟ್ಟಬೇಕು. ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಬೇಕು, ನೋವು ಮೊದಲು ಕಾಣುವುದು ಅಲ್ಲೇ. ಇದನ್ನೆಲ್ಲಾ ಪುಸ್ತಕವೇ ಹೇಳುತ್ತದೆ, ಹೊಸದೇನಲ್ಲ. ಗಡಿಬಿಡಿಯಲ್ಲಿ ಬಿಟ್ಟುಹೋಗುವುದೂ ಇದೇ. ಪರೀಕ್ಷೆಯಲ್ಲಿ ರೋಗ ಹೆಸರಿಸಿದ್ದಕ್ಕೆ ಕೊಡುವಷ್ಟೇ ಅಂಕ ಇದಕ್ಕೂ ಕೊಡಲಿ, ಇದಿಲ್ಲದಿದ್ದರೆ ಫೇಲ್ ಮಾಡಲಿ. ಹುಡುಗರು ತಾವಾಗಿಯೇ ಕಲಿಯುತ್ತಾರೆ.

ಇನ್ನು ನಿಮ್ಮ ಅತ್ತೆಯ ವಿಷಯ. ವಿದ್ಯಾರ್ಥಿಗಳು ಮುಟ್ಟುವುದು ಬೇಡ ಅನ್ನುವ ಹಕ್ಕು ಅವರಿಗಿದೆ. ಹಾಗಂತ ಎಲ್ಲರನ್ನೂ ಓಡಿಸಬೇಡಿ, ಅವರು ಕಲಿಯುವುದು ಇಂಥ ಹಿರಿಯರಿಂದಲೇ. ಮುಂದಿನ ಸಲ ಇಬ್ಬರು ಸಾಕು, ತುಳು ಬಲ್ಲವರೊಬ್ಬರು ಜತೆಗಿರಲಿ ಅಂತ ವಾರ್ಡಿನ ಸಿಸ್ಟರ್ ಹತ್ತಿರ ಮೊದಲೇ ಹೇಳಿಡಿ.

— ಸಂಪಾದಕ