ಒಂದು ಶಾಸನ, ಒಂದಿಷ್ಟು ಮಡಕೆ ಚೂರು, ಒಂದು ಕಾರ್ಬನ್ ವರದಿ: ಇಷ್ಟರಿಂದ ಎಷ್ಟು ಹೇಳಬಹುದು?

ಸಾಕ್ಷ್ಯಚಿತ್ರಕ್ಕೆ ಇಷ್ಟೇ ಆಧಾರ ಸಿಕ್ಕಿದೆ, ಸಾಲುತ್ತದೆಯೇ ಎಂದು ಕೇಳಿದ್ದೀರಿ. ಮೂರು ಪುರಾವೆ ಇವೆ ಎಂದು ಲೆಕ್ಕ ಹಾಕಬೇಡಿ. ಪ್ರತಿಯೊಂದೂ ಯಾವ ಪ್ರಶ್ನೆಗೆ ಉತ್ತರಿಸಬಲ್ಲದು, ಯಾವುದಕ್ಕೆ ಉತ್ತರಿಸಲಾರದು ಎಂದು ಮೊದಲು ಬರೆದಿಟ್ಟುಕೊಳ್ಳಿ.

ಐಹೊಳೆ ಶಾಸನವನ್ನೇ ನೋಡಿ. ರವಿಕೀರ್ತಿ ಎಂಬ ಕವಿಯದು, ಶಕ 556, ಅಂದರೆ ಕ್ರಿ.ಶ. 634–35. ಅದರಲ್ಲಿ ಕಾಳಿದಾಸ, ಭಾರವಿಯರ ಹೆಸರಿದೆ. ಇದರಿಂದ ಗೊತ್ತಾಗುವುದು, ಅಷ್ಟು ಹೊತ್ತಿಗೆ ಇಬ್ಬರೂ ಹೆಸರುವಾಸಿ ಕವಿಗಳು ಎಂಬುದಷ್ಟೇ. ಎಷ್ಟು ಹಿಂದಿನವರು ಎಂಬುದಕ್ಕೆ ಆ ಕಲ್ಲು ಬಾಯಿ ಬಿಡುವುದಿಲ್ಲ. ಅದೇ ಶಾಸನ ಚಾಲುಕ್ಯ ದೊರೆ ಪುಲಿಕೇಶಿ ಉತ್ತರ ಭಾರತದ ದೊರೆ ಹರ್ಷನನ್ನು ಸೋಲಿಸಿದನೆನ್ನುತ್ತದೆ. ಪ್ರಶಸ್ತಿ, ಅಂದರೆ ರಾಜನನ್ನು ಹೊಗಳುವ ಶಾಸನ, ಬರೆಯುವ ಕವಿ ತನ್ನ ದೊರೆ ಸೋತನೆಂದು ಬರೆದಾನೆಯೇ? ಇದೊಂದೇ ಇದ್ದಿದ್ದರೆ ಅನುಮಾನ ಉಳಿಯುತ್ತಿತ್ತು. ಆದರೆ ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕೂಡ ಹರ್ಷನಿಗೆ ಪುಲಿಕೇಶಿಯನ್ನು ಮಣಿಸಲಾಗಲಿಲ್ಲ ಎಂದಿದ್ದಾನೆ. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದದ್ದಲ್ಲ. ಜೊತೆಗೆ ಹ್ಯೂಯೆನ್‌ತ್ಸಾಂಗನ ಮಾತು ಅವನು ಹೊಗಳಬೇಕಾದ ಹರ್ಷನಿಗೇ ಹಿಡಿಸದ ಮಾತು. ಆದ್ದರಿಂದ ಹರ್ಷನ ದಂಡಯಾತ್ರೆ ವಿಫಲವಾಯಿತು ಎಂದು ಧೈರ್ಯವಾಗಿ ಹೇಳಬಹುದು. ಯುದ್ಧ ಯಾವ ವರ್ಷ ಎಂಬುದು ಐಹೊಳೆಯಿಂದ ತಿಳಿಯುವುದಿಲ್ಲ, 634–35ರೊಳಗೆ ಎಂದಷ್ಟೇ. ಆನೆಗಳು ಉರುಳಿದ ವರ್ಣನೆ ಕಾವ್ಯ, ಲೆಕ್ಕವಲ್ಲ.

ಐದು ಪುಸ್ತಕಗಳು ಶಾಸನದ ಒಂದೇ ಹಳೆಯ ಪಾಠವನ್ನು (ಯಾರೋ ಓದಿ ಬರೆದ ರೂಪವನ್ನು) ನಂಬಿದ್ದರೆ ಅದು ಒಂದೇ ಪುರಾವೆ. ಪ್ರಕಟಿತ ಪಾಠವನ್ನು ಪಡಿಯಚ್ಚಿನ (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚಿನ) ಜೊತೆ ಇಟ್ಟು ನೋಡಿ. ಚೌಕ ಕಂಸದೊಳಗಿನ ಅಕ್ಷರಗಳು ಸಾಮಾನ್ಯವಾಗಿ ಸವೆದವು, ಇಲ್ಲವೇ ಸಂಪಾದಕರು ಊಹಿಸಿ ತುಂಬಿದವು. ರಾಜನ ಹೆಸರೇ ಕಂಸದೊಳಗಿದ್ದರೆ ನಿಮ್ಮ ಕಥೆ ನಿಂತಿರುವುದು ಊಹೆಯ ಮೇಲೆ. ಶಕವರ್ಷಕ್ಕೆ 78 ಕೂಡಿಸಿ ಮುಂದೆ ಹೋಗುವುದೂ ಅವಸರವೇ. ಜನವರಿ ದಾಟಿ ಬೀಳುವ ಮಾಘ, ಫಾಲ್ಗುಣಗಳಿಗೆ 79 ಆಗಬಹುದು. ಹೇಳಿದ ವರ್ಷ ಗತವೋ (ಮುಗಿದದ್ದೋ) ವರ್ತಮಾನವೋ (ನಡೆಯುತ್ತಿದ್ದದ್ದೋ) ಎಂಬುದರಿಂದ ಮತ್ತೊಂದು ವರ್ಷ ಆಚೀಚೆ. ಸಂವತ್ಸರ, ತಿಥಿ, ವಾರ ಮೂರೂ ಹೊಂದಿದರೆ ತೇದಿ ಗಟ್ಟಿ. ಹೊಂದದಿದ್ದರೆ ತಕ್ಷಣ ಖೋಟಾ ಎನ್ನಬೇಡಿ, ಲಿಪಿಕಾರನ ತಪ್ಪೂ ಇರಬಹುದು. ತಾಮ್ರಪಟದ ಲಿಪಿಯೇ ಹೇಳಿಕೊಂಡ ತೇದಿಗಿಂತ ಶತಮಾನಗಳಷ್ಟು ಈಚಿನದಾಗಿದ್ದರೆ ನಂತರದ ನಕಲೋ ಖೋಟಾವೋ ಎಂಬ ಪ್ರಶ್ನೆ ಏಳುತ್ತದೆ.

ಕಾರ್ಬನ್ ವರದಿಯಲ್ಲಿ, ಅಂದರೆ ಇದ್ದಿಲು, ಧಾನ್ಯದಂಥವುಗಳಲ್ಲಿ ಉಳಿದ ಕಾರ್ಬನ್-14 ಅಳೆದು ವಯಸ್ಸು ಹೇಳುವ ವರದಿಯಲ್ಲಿ, ಜನ ಎಡವುವುದು ಹೆಚ್ಚು. "2450 ± 30" ಎಂದಿದ್ದರೆ 1950ರಿಂದ ಹಿಂದಕ್ಕೆಣಿಸಿ ಕ್ರಿ.ಪೂ. 500 ಎಂದು ಬರೆದುಬಿಡುತ್ತಾರೆ. ತಪ್ಪು. ಕಾರ್ಬನ್ ವಯಸ್ಸನ್ನು ನಿಜವಾದ ವರ್ಷಕ್ಕೆ ಬದಲಿಸುವ ತಿದ್ದುಪಡಿ ರೇಖೆ ಆ ಕಾಲದಲ್ಲಿ ಚಪ್ಪಟೆಯಾಗಿರುವುದರಿಂದ ಸರಿಯಾದ ಉತ್ತರ ಸುಮಾರು ಕ್ರಿ.ಪೂ. 750ರಿಂದ 410ರವರೆಗೆ ಹರಡಿಕೊಳ್ಳುತ್ತದೆ. ಅಷ್ಟೂ ಅವಧಿಯನ್ನು ಕೊಡಿ, ನಡುವಿನ ಒಂದು ವರ್ಷ ಆರಿಸಬೇಡಿ. ಇನ್ನು ಇದ್ದಿಲು ಹಳೇ ಮರದ ತಿರುಳಿನದಾದರೆ, ಬೆಂಕಿ ಹಚ್ಚಿದ ದಿನಕ್ಕಿಂತ ನೂರಾರು ವರ್ಷ ಹಿಂದಿನ ಕಾಲ ತೋರಿಸುತ್ತದೆ. ಸುಟ್ಟ ಧಾನ್ಯ ಸಿಕ್ಕಿದ್ದರೆ ಅದರ ಕಾಲಮಾನವನ್ನೇ ನೆಚ್ಚಿಕೊಳ್ಳಿ; ಒಂದೇ ವರ್ಷದ ಬೆಳೆ ಅದು.

ಮಡಕೆ ಚೂರು ಅಗೆದ ನೆಲದ ಯಾವ ಸ್ತರದ್ದು (ಮಣ್ಣಿನ ಪದರದ್ದು) ಎಂಬ ದಾಖಲೆ ಇಲ್ಲದಿದ್ದರೆ ಅದರಿಂದ ಆ ಸ್ತರದ ಕಾಲ ಹೇಳಲಾಗದು. ಇಲಿ ಬಿಲದಿಂದಲೂ ಚೂರು ಕೆಳಗಿಳಿಯುತ್ತದೆ.

ಶಾಸನದಲ್ಲಿ ಇಲ್ಲದ್ದು ಊರಲ್ಲೂ ಇರಲಿಲ್ಲ ಎನ್ನುವ ಮುನ್ನ, ಅಂಥ ಶಾಸನ ಅದನ್ನು ಸಾಮಾನ್ಯವಾಗಿ ಬರೆಯುತ್ತಿತ್ತೇ ನೋಡಿ. ದಾನಶಾಸನಕ್ಕೆ ಬೇಕಾದದ್ದು ದಾನಿ, ಭೂಮಿ, ಎಲ್ಲೆ, ತೆರಿಗೆ ವಿನಾಯಿತಿ, ಶಾಪ. ಊರಿನ ಕುಂಬಾರರ ಸುದ್ದಿ ಅಲ್ಲಿಲ್ಲದ್ದು ಯಾವುದಕ್ಕೂ ಪುರಾವೆಯಲ್ಲ.

ಕೊನೆಗೆ ಚಿತ್ರಕಥೆಯ ಪ್ರತಿ ವಾಕ್ಯದ ಎದುರು ಆಧಾರ ಮತ್ತು "ಖಚಿತ / ಸಂಭವ / ಊಹೆ" ಎಂದು ಗುರುತು ಹಾಕಿ. ನಿರೂಪಕ "ಬಹುಶಃ" ಎನ್ನುವುದು ಅರೆಕ್ಷಣ. ಗ್ರಾಫಿಕ್ಸಿನಲ್ಲಿ ಎದ್ದ ಗೋಪುರ ಮಾತ್ರ ನೋಡುಗರ ಕಣ್ಣಲ್ಲಿ ಉಳಿಯುತ್ತದೆ. ಅಡಿಪಾಯ ಮಾತ್ರ ಸಿಕ್ಕಿದ್ದರೆ ಅಡಿಪಾಯಕ್ಕೆ ಬಣ್ಣ ತುಂಬಿ, ಮೇಲಿನದನ್ನು ಬರೀ ಗೆರೆಯಲ್ಲಿ ಬಿಡಿ.