ಓ ಅಂದುಕೊಂಡಿದ್ದೆವು, ಈಗ ಬಾಂಬೆ ಅಂತಾರೆ!

ಪ್ರಶ್ನೆ: ನಮ್ಮಣ್ಣನ ಗ್ರೂಪ್ ಮೂವತ್ತು ವರ್ಷದಿಂದ ‘ಓ ಪಾಸಿಟಿವ್’ ಎಂದೇ ನಂಬಿದ್ದೆವು. ಈಗ ಸೊಂಟದ ಕೀಲು ಬದಲಿಸುವ ಆಪರೇಷನ್‌ಗೆಂದು ನಾಲ್ಕು ಬಾಟಲಿ ಓ ಪಾಸಿಟಿವ್ ಹೊಂದಿಸಿದರೆ ಒಂದೂ ಮ್ಯಾಚ್ ಆಗಲಿಲ್ಲ. ‘ಬಾಂಬೆ ಗ್ರೂಪ್’ ಎನ್ನುತ್ತಿದ್ದಾರೆ. ನಮ್ಮ ಮನೆತನದಲ್ಲಿ ಬಾಂಬೆ ನೋಡಿದವರೇ ಇಲ್ಲ! ಹಳೆಯ ರಿಪೋರ್ಟ್ ಸುಳ್ಳೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸುಳ್ಳಲ್ಲ ತಾಯಿ, ಅರ್ಧ ಪರೀಕ್ಷೆ. ಬ್ಲಡ್ ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಟೆಕ್ನಿಷಿಯನ್ ಆಗಿದ್ದ ನಾನೂ ಕ್ಯಾಂಪುಗಳಲ್ಲಿ ಇಂಥ ಕಾರ್ಡು ಎಷ್ಟೋ ಬರೆದುಕೊಟ್ಟಿದ್ದೇನೆ. ಗಾಜಿನ ಮೇಲೆ ಮೂರು ತೊಟ್ಟು ರಕ್ತ. ಒಂದಕ್ಕೆ ಎ ಹಿಡಿಯುವ ನೀಲಿ ದ್ರಾವಣ ಆಂಟಿ-ಎ, ಒಂದಕ್ಕೆ ಬಿ ಹಿಡಿಯುವ ಹಳದಿ ಆಂಟಿ-ಬಿ, ಇನ್ನೊಂದಕ್ಕೆ ಪಾಸಿಟಿವೋ ನೆಗೆಟಿವೋ ಹೇಳುವ ಬಣ್ಣವಿಲ್ಲದ ಆಂಟಿ-ಡಿ. ನೀಲಿ, ಹಳದಿ ಎರಡರಲ್ಲೂ ರಕ್ತ ಒಡೆದ ಹಾಲಿನ ಹಾಗೆ ತರಿತರಿಯಾಗದಿದ್ದರೆ ‘ಓ’ ಅಂತ ಬರೆದು ಮುಂದಿನವರನ್ನು ಕರೆಯುವುದು. ನಿಮ್ಮಣ್ಣನದೂ ತರಿಯಾಗುವುದಿಲ್ಲ.

ಓ ಗ್ರೂಪಿನ ಕೆಂಪು ರಕ್ತಕಣಗಳ ಮೇಲೆ ಎ, ಬಿ ಎಂಬ ಗುರುತುಗಳು ಇಲ್ಲದಿದ್ದರೂ ಅವೆರಡಕ್ಕೂ ಬುನಾದಿಯಾದ ‘ಎಚ್’ ಧಾರಾಳವಾಗಿರುತ್ತದೆ. ಬಾಂಬೆಯವರಿಗೆ ಆ ಬುನಾದಿಯೇ ಇಲ್ಲ; ಎಚ್ ಕಂಡರೆ ಅವರ ರಕ್ತದ ತಿಳಿ ದ್ರವವಾದ ಸೀರಮ್‌ಗೆ ಆಗದು. ಹಾಗಾಗಿ ಓ ರಕ್ತವೂ ಅವರಿಗೆ ವಿಷವೇ. ಅವರ ಸೀರಮ್‌ಗೆ ಓ ಕಣ ಬೆರೆಸಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ನೋಡಿ: ಟ್ಯೂಬಿನ ತಳದಲ್ಲಿ ಕೂತ ಕೆಂಪು ಉಂಡೆ ಬೆರಳಿನಿಂದ ಎಷ್ಟು ತಟ್ಟಿದರೂ ಬಿಡಿಸಿಕೊಳ್ಳುವುದಿಲ್ಲ. ರಕ್ತ ಏರಿಸುವ ಮೊದಲೇ, ದಾನಿಯ ಕಣಕ್ಕೆ ರೋಗಿಯ ಸೀರಮ್ ಬೆರೆಸಿ ನೋಡುವ ಕ್ರಾಸ್ ಮ್ಯಾಚ್‌ನಲ್ಲಿ ಇದನ್ನು ಹಿಡಿದ ಟೆಕ್ನಿಷಿಯನ್‌ಗೆ ಒಂದು ಕಾಫಿ ಕೊಡಿಸಿ.

ಹೆಸರಿನ ಗೊಂದಲ ಬೇಡ. 1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಇದನ್ನು ಮೊದಲು ಗುರುತಿಸಿದ್ದು ಬಾಂಬೆಯಲ್ಲಿ, ಅಷ್ಟೇ. ನಮ್ಮ ದೇಶದಲ್ಲಿ ಸುಮಾರು 10,000 ಜನಕ್ಕೆ ಒಬ್ಬರು ಸಿಗುತ್ತಾರೆ. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಆ ದೋಷದ ಜೀನ್ ಬಂದಿರಬೇಕು. ಸೋದರಮಾವ, ಸೋದರತ್ತೆಯ ಮಕ್ಕಳ ನಡುವೆ ಕೊಟ್ಟು ತಂದ ಮನೆಗಳಲ್ಲಿ ಹೆಚ್ಚು. ಆದ್ದರಿಂದ ಹೊರಗೆ ಅಲೆಯುವ ಮೊದಲು ಮನೆಯೊಳಗೇ ಹುಡುಕಿ. ಒಡಹುಟ್ಟಿದ ಒಬ್ಬೊಬ್ಬರಿಗೂ ನಾಲ್ಕರಲ್ಲೊಂದು ಸಾಧ್ಯತೆ ಇದೆ, ನಿಮಗೂ. ಬರೀ ಗ್ರೂಪ್ ಕೇಳಬೇಡಿ, ‘ಓ ಕಣ ಹಾಕಿ ನೋಡಿ’ ಎಂದೇ ಕೇಳಿ.

ಆಪರೇಷನ್ ತುರ್ತಿನದಲ್ಲವಾದರೆ, ಡಾಕ್ಟರ್ ಒಪ್ಪಿದಲ್ಲಿ, ಅಣ್ಣನ ರಕ್ತವನ್ನೇ ಮುಂಚಿತವಾಗಿ ತೆಗೆದಿಡಬಹುದು. ಬ್ಲಡ್ ಬ್ಯಾಂಕಿನ ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ 35 ದಿನ ಇಡುತ್ತಾರೆ. ಅವರ ಪರ್ಸಿನಲ್ಲಿ ಹಳೇ ಕಾರ್ಡು ಇದ್ದರೆ ಮಾತ್ರ ಇವತ್ತೇ ಹರಿದುಹಾಕಿ.