ಬೋಳುತಲೆ, ಬೂಟು, ಕಪ್ಪು-ಬಿಳಿ ಚೌಕಳಿ: ಇಂಗ್ಲೆಂಡಿನ ಕವೆಂಟ್ರಿಗೆ ಹೊಸದಾಗಿ ಬಂದ ತಮ್ಮನಿಗೆ

ತಮ್ಮ, ನೀನು ಕೇಳಿರುವುದು ಮೂರು ವಿಷಯ. ಶನಿವಾರ ಪಬ್ಬಿನ ಮುಂದೆ ತಲೆ ಬೋಳಿಸಿಕೊಂಡು, ದಪ್ಪ ಬೂಟು, ಬ್ರೇಸಸ್ (ಪ್ಯಾಂಟನ್ನು ಹೆಗಲಿನಿಂದ ಹಿಡಿಯುವ ಪಟ್ಟಿ) ಹಾಕಿಕೊಂಡವರ ಗುಂಪು ಕಂಡೆ, ಹೆದರಬೇಕಾ? ಕ್ಲಾಸಿನವರು ಮಾಡ್, ಸ್ಕಿನ್‌ಹೆಡ್, ಟು ಟೋನ್ ಅಂತ ಮಾತಾಡುತ್ತಾರೆ, ಯಾವ ಸಿನಿಮಾ ನೋಡಿದರೆ ಅರ್ಥವಾಗುತ್ತದೆ? ಇಲ್ಲಿ ಗಿಗ್‌ಗೆ, ಅಂದರೆ ಬ್ಯಾಂಡಿನ ನೇರ ಪ್ರದರ್ಶನಕ್ಕೆ, ಹೋಗುವ ಕ್ರಮ ಹೇಗೆ?

ಮೊದಲು ಹೆದರಿಕೆಯ ವಿಷಯ. ಬೂಟು ನೋಡಿ ತೀರ್ಮಾನಕ್ಕೆ ಬರಬೇಡ. ಈ ದೇಶದಲ್ಲಿ ಅದೇ ಬೂಟನ್ನು ಒಬ್ಬರನ್ನೊಬ್ಬರು ದ್ವೇಷಿಸುವ ಎರಡು ಬಣಗಳು ಹಾಕಿಕೊಂಡಿವೆ. ಅದಕ್ಕೆ ಕಾರಣ ಗೊತ್ತಾಗಬೇಕಾದರೆ ಮಾಡ್‌ಗಳಿಂದ ಶುರು ಮಾಡಬೇಕು. 1950ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಮಾಡರ್ನ್ ಜಾಝ್ ಕೇಳುತ್ತಿದ್ದ ಹುಡುಗರು ಇವರು. ಅಳತೆಗೆ ಹೊಲಿಸಿದ ಸೂಟು, ವೆಸ್ಪಾ ಇಲ್ಲವೇ ಲ್ಯಾಂಬ್ರೆಟ್ಟಾ ಸ್ಕೂಟರು. ಸೂಟಿಗೆ ಧೂಳು, ಎಣ್ಣೆ ತಾಗದಿರಲೆಂದು ಮೇಲೆ ಅಮೆರಿಕದ ಸೈನ್ಯದ ಹಳೇ ಪಾರ್ಕಾ ಕೋಟು. ಎದುರು ಬಣ ರಾಕರ್‌ಗಳದು: ಚರ್ಮದ ಜಾಕೆಟ್, ಟ್ರಯಂಫ್, ನಾರ್ಟನ್ ಬೈಕು. 1964ರ ರಜಾದಿನಗಳಲ್ಲಿ ಕ್ಲ್ಯಾಕ್ಟನ್, ಮಾರ್ಗೇಟ್, ಬ್ರೈಟನ್ ಕಡಲತೀರಗಳಲ್ಲಿ ನಡೆದ ಗಲಾಟೆಯನ್ನು ಪತ್ರಿಕೆಗಳು ವಿಪರೀತ ಹಿಗ್ಗಿಸಿ ಬರೆದವು. ಸ್ಟ್ಯಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞ 1972ರಲ್ಲಿ ಇದರ ಮೇಲೇ ಪುಸ್ತಕ ಬರೆದ. ಒಂದು ಗುಂಪಿನ ಬಗ್ಗೆ ಸಮಾಜ ಅತಿಯಾಗಿ ದಿಗಿಲುಗೊಳ್ಳುವುದಕ್ಕೆ 'ಮಾರಲ್ ಪ್ಯಾನಿಕ್' ಎಂಬ ಮಾತು ಕಾಲೇಜಿನ ಪಾಠದೊಳಗೆ ಬಂದದ್ದು ಮುಖ್ಯವಾಗಿ ಅದರಿಂದ.

ಮಾಡ್‌ಗಳಲ್ಲೇ ಕೂಲಿ ಮಾಡುವ ಮನೆಗಳ ಒರಟು ಹುಡುಗರು 1968-69ರ ಹೊತ್ತಿಗೆ ಕೂದಲು ಸಣ್ಣಗೆ ಕತ್ತರಿಸಿ ಸ್ಕಿನ್‌ಹೆಡ್‌ಗಳಾದರು. ಅವರು ಕುಣಿದದ್ದು ಜಮೈಕಾದಿಂದ ಬಂದ ನೆರೆಹೊರೆಯವರ ಸ್ಕಾ, ರಾಕ್‌ಸ್ಟೆಡಿ, ರೆಗ್ಗೆ ಹಾಡುಗಳಿಗೆ. ಬಿಳಿಯ ಸ್ಕಿನ್‌ಹೆಡ್ ಮತ್ತು ಕಪ್ಪು ರೂಡ್ ಬಾಯ್ (ಜಮೈಕಾ ಶೈಲಿಯ ಠೀವಿಯ ಹುಡುಗ) ಒಂದೇ ಕ್ಲಬ್ಬಿನಲ್ಲಿ ಇರುತ್ತಿದ್ದರು. ಆದರೆ ಅದೇ ಹುಡುಗರಲ್ಲಿ ಕೆಲವರು ಏಷ್ಯಾದವರನ್ನು (ಇಲ್ಲಿ ಹಾಗಂದರೆ ಭಾರತ, ಪಾಕಿಸ್ತಾನದ ಕಡೆಯವರು) ಬೀದಿಯಲ್ಲಿ ಹಿಡಿದು ಹೊಡೆದದ್ದೂ ಆ ಕಾಲದಲ್ಲೇ. ಇದನ್ನು ಮುಚ್ಚಿಟ್ಟು ಹಾಡಿನ ಕಥೆಯನ್ನಷ್ಟೇ ಹೇಳಿದರೆ ನಮ್ಮವರಿಗೆ ಅನ್ಯಾಯ. 1970ರ ದಶಕದ ಕೊನೆಗೆ ನ್ಯಾಷನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷ ಈ ಹುಡುಗರಿಗೆ ಗಾಳ ಹಾಕಿತು. 1981ರ ಜುಲೈಯಲ್ಲಿ ಏಷ್ಯಾದವರೇ ಹೆಚ್ಚಿರುವ ಲಂಡನ್ನಿನ ಸೌತಾಲ್‌ನ ಹ್ಯಾಂಬ್ರೋ ಟ್ಯಾವರ್ನ್‌ನಲ್ಲಿ ಸ್ಕಿನ್‌ಹೆಡ್ ಬ್ಯಾಂಡ್‌ಗಳ ಗಿಗ್ ಇಟ್ಟಾಗ ಊರಿನ ಏಷ್ಯನ್ ಯುವಕರು ಸಿಡಿದೆದ್ದರು, ಪಬ್ಬೇ ಸುಟ್ಟುಹೋಯಿತು.

ನೀನಿರುವ ಊರಿನ ಪಾಲು ಇಲ್ಲಿ ಬರುತ್ತದೆ. 1979ರಲ್ಲಿ ಜೆರ್ರಿ ಡ್ಯಾಮರ್ಸ್ ಕವೆಂಟ್ರಿಯಲ್ಲಿ ಟು ಟೋನ್ ರೆಕಾರ್ಡ್ಸ್ ಎಂಬ ಹಾಡಿನ ಲೇಬಲ್ ಕಟ್ಟಿದ. ಅವನ ಬ್ಯಾಂಡ್ ದಿ ಸ್ಪೆಷಲ್ಸ್‌ನಲ್ಲಿ ಬಿಳಿಯರೂ ಇದ್ದರು, ಜಮೈಕಾದಲ್ಲಿ ಹುಟ್ಟಿದ ಲಿನ್‌ವಲ್ ಗೋಲ್ಡಿಂಗ್, ನೆವಿಲ್ ಸ್ಟೇಪಲ್ ಕೂಡ ಇದ್ದರು. ಅದೇ ಲೇಬಲ್ಲಿನ ಇನ್ನೊಂದು ಬ್ಯಾಂಡ್ ದಿ ಸೆಲೆಕ್ಟರ್‌ನ ಮುಂದೆ ನಿಂತು ಹಾಡಿದವಳು ಪಾಲೀನ್ ಬ್ಲ್ಯಾಕ್. ಕಪ್ಪು-ಬಿಳಿ ಚೌಕಳಿ ಈ ಲೇಬಲ್ಲಿನ ಗುರುತು. ಲೇಬಲ್ಲಿನ ಲೋಗೋದಲ್ಲಿ ಸೂಟು, ಹ್ಯಾಟು ಹಾಕಿಕೊಂಡು ನಿಂತ ಮನುಷ್ಯನನ್ನು ಜಮೈಕಾದ ರೆಗ್ಗೆ ಹಾಡುಗಾರ ಪೀಟರ್ ಟಾಶ್‌ನ ಹಳೇ ಫೋಟೋ ನೋಡಿ ಬರೆದದ್ದು. ಹಾಡು ಕೇಳುವಾಗ ಕೈಯಲ್ಲಿ ಆದಿತಾಳ ಹಾಕಿ ನೋಡು: ಪೆಟ್ಟು ಬೀಳುವ ಕಡೆ ಗಿಟಾರ್ ಸುಮ್ಮನಿರುತ್ತದೆ, ಎರಡು ಪೆಟ್ಟಿನ ನಡುವೆ ಚಕ್ಕನೆ ಮೀಟುತ್ತದೆ. ಆ ಎಡೆಯೇ ಸ್ಕಾದ ಪ್ರಾಣ. 1981ರಲ್ಲಿ ಇಲ್ಲಿ ಏಷ್ಯನ್ ವಿದ್ಯಾರ್ಥಿಯೊಬ್ಬನ ಕೊಲೆಯಾದಾಗ ಅದೇ ವರ್ಷದ ಜೂನ್‌ನಲ್ಲಿ ಸ್ಪೆಷಲ್ಸ್ ಊರಿನಲ್ಲೇ ಜನಾಂಗದ್ವೇಷದ ವಿರುದ್ಧ ನುಡಿಸಿದರು. ನಿರುದ್ಯೋಗ, ಮುಚ್ಚಿದ ಕ್ಲಬ್ಬುಗಳನ್ನು ಹಾಡಿದ ಅವರ 'ಘೋಸ್ಟ್ ಟೌನ್' ಜುಲೈಯಲ್ಲಿ ದೇಶದ ನಂಬರ್ ಒನ್ ಆದಾಗ ಊರೂರುಗಳಲ್ಲಿ ದಂಗೆ ನಡೆಯುತ್ತಿತ್ತು.

ಈಗ ಗುರುತು ಹಿಡಿಯುವ ಬಗೆ. ಚೌಕಳಿ ಬ್ಯಾಡ್ಜ್, ಟ್ರೋಜನ್ ರೆಕಾರ್ಡ್ಸ್ ಎಂಬ ರೆಗ್ಗೆ ಲೇಬಲ್ಲಿನ ಶಿರಸ್ತ್ರಾಣ, 'ಶಾರ್ಪ್' (SHARP, ಜನಾಂಗದ್ವೇಷದ ವಿರುದ್ಧ ನಿಂತ ಸ್ಕಿನ್‌ಹೆಡ್‌ಗಳು) ಎಂಬ ಅಕ್ಷರಗಳು ಕಂಡರೆ ಅವರು ಜನಾಂಗದ್ವೇಷದ ವಿರೋಧಿಗಳು, ಹೋಗಿ ಮಾತಾಡಬಹುದು. 18, 88 ಎಂಬ ಹಚ್ಚೆ (ಹಿಟ್ಲರ್‌ನನ್ನು ಹೊಗಳುವ ಸಂಕೇತ), ವೃತ್ತದೊಳಗಿನ ಕೆಲ್ಟಿಕ್ ಶಿಲುಬೆ, ಸ್ಕ್ರೂಡ್ರೈವರ್ ಎಂಬ ನವನಾಜಿ ಬ್ಯಾಂಡಿನ ಹೆಸರು ಕಂಡರೆ ಮಾತಿಗೆ ನಿಲ್ಲದೆ ಹೊರಟುಬಿಡು. ಲೇಸಿನ ಬಣ್ಣಕ್ಕೆ ಅರ್ಥ ಇದೆ ಅನ್ನುತ್ತಾರೆ, ಅದನ್ನು ನಂಬಬೇಡ. ಅಂಗಡಿಯಲ್ಲಿ ಸಿಕ್ಕ ಬಣ್ಣ ಕಟ್ಟಿಕೊಂಡವರೇ ಹೆಚ್ಚು. ಯಾರಾದರೂ ಕೆಣಕಿದರೆ ತುರ್ತಿಗೆ 999, ಆಮೇಲೆ ದೂರು ಕೊಡಲು 101, ರೈಲಿನಲ್ಲಾದರೆ 61016ಕ್ಕೆ ಮೆಸೇಜ್.

ಸಿನಿಮಾಗಳನ್ನು ಈ ಕ್ರಮದಲ್ಲಿ ನೋಡು. ಮೊದಲು 'ಕ್ವಾಡ್ರೊಫೀನಿಯಾ'. ದಿ ಹೂ ಬ್ಯಾಂಡಿನ 1973ರ ಆಲ್ಬಮ್ಮಿನಿಂದ ಫ್ರ್ಯಾಂಕ್ ರಾಡಮ್ 1979ರಲ್ಲಿ ಮಾಡಿದ್ದು. ಹಾಡುಗಾರ ಸ್ಟಿಂಗ್ ಮಾಡಿದ ಪಾತ್ರವನ್ನು ಕೊನೆಯ ಭಾಗದಲ್ಲಿ ಗಮನಿಸು: ಊರೆಲ್ಲ ಬೆರಗಾಗಿ ನೋಡಿದ ಮಾಡ್ ಹೋಟೆಲಿನಲ್ಲಿ ಲಗೇಜು ಹೊರುತ್ತಿರುತ್ತಾನೆ. ವಾರಾಂತ್ಯದ ಸೂಟು ಬೇರೆ, ಸೋಮವಾರದ ಕೆಲಸ ಬೇರೆ ಎಂಬುದನ್ನು ಅಷ್ಟು ಚೆನ್ನಾಗಿ ಬೇರೆ ಯಾರೂ ತೋರಿಸಿಲ್ಲ. ಆಮೇಲೆ 1981ರ 'ಡ್ಯಾನ್ಸ್ ಕ್ರೇಜ್'. ಅದರಲ್ಲಿ ಕಥೆಯಿಲ್ಲ, ಆರು ಬ್ಯಾಂಡ್‌ಗಳ ನೇರ ಪ್ರದರ್ಶನ ಮಾತ್ರ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ (ಬಿಎಫ್‌ಐ) 2023ರಲ್ಲಿ ಇದನ್ನು ಹೊಸದಾಗಿ ಬಿಡುಗಡೆ ಮಾಡಿದೆ, ಆ ಪ್ರತಿಯನ್ನೇ ಹುಡುಕು. ಕೊನೆಗೆ ಶೇನ್ ಮೆಡೋಸ್‌ನ 'ದಿಸ್ ಈಸ್ ಇಂಗ್ಲೆಂಡ್', 2006ರದ್ದು, ಕಥೆ 1983ರದ್ದು. ಒಂದೇ ಸ್ನೇಹಿತರ ಗುಂಪು ಎರಡಾಗಿ ಒಡೆಯುವುದು ಇದರಲ್ಲಿದೆ. ಏಷ್ಯನ್ ಅಂಗಡಿಯವನನ್ನು ಬೆದರಿಸುವ ದೃಶ್ಯ ನಮಗೆ ನೋಡಲು ಕಷ್ಟ, ಕೊನೆಯ ಹಿಂಸೆ ಇನ್ನೂ ಕಷ್ಟ, ಒಬ್ಬನೇ ಕೂತು ನೋಡಬೇಡ. ಸಬ್‌ಟೈಟಲ್ ಹಾಕಿಕೋ, ಮಿಡ್‌ಲ್ಯಾಂಡ್ಸ್ ಮತ್ತು ಉತ್ತರದ ಉಚ್ಚಾರಣೆಗೆ ನಮ್ಮ ಕಿವಿ ಹೊಂದಲು ಸಮಯ ಬೇಕು.

ಗಿಗ್ ವಿಷಯಕ್ಕೆ ಬಾ. ಬೆಂಗಳೂರಿನ ಅರಮನೆ ಮೈದಾನದಂಥ ಜಾತ್ರೆ ಅಲ್ಲ ಇದು, ಹೆಚ್ಚಿನವು ಕೆಲವು ನೂರು ಜನ ಹಿಡಿಸುವ ಹಾಲ್‌ಗಳು. ಟಿಕೆಟ್ಟಿನಲ್ಲಿ 'ಡೋರ್ಸ್ 7' ಅಂದರೆ ಬಾಗಿಲು ತೆಗೆಯುವ ಹೊತ್ತು. ಮೊದಲು ಸಪೋರ್ಟ್ ಬ್ಯಾಂಡ್, ಮುಖ್ಯ ಬ್ಯಾಂಡ್ ಸಾಮಾನ್ಯವಾಗಿ 9ರ ಸುಮಾರಿಗೆ, ಮುಗಿಯುವುದು 11ರ ಒಳಗೆ. ಬರ್ಮಿಂಗ್‌ಹ್ಯಾಮಿಗೆ ಹೋದರೆ ವಾಪಸ್ ಬರುವ ಕೊನೆಯ ರೈಲು ನೋಡಿಕೊಂಡೇ ಟಿಕೆಟ್ ತೆಗೆ. ಮಾರಾಟವಾಗಿ ಹೋಗಿದ್ದರೆ ಮುಖಬೆಲೆಗೇ ಮರುಮಾರಾಟವಾಗುವ ಟ್ವಿಕೆಟ್ಸ್ ಎಂಬ ಜಾಲತಾಣ ನೋಡು. ಹೊರಗೆ ನಿಂತು ಮಾರುವವರ ಹತ್ತಿರ ಕೊಳ್ಳಬೇಡ, ಸ್ಕ್ಯಾನ್ ಆಗದೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. 25ಕ್ಕಿಂತ ಚಿಕ್ಕವನಂತೆ ಕಂಡರೆ ಬಾರಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಕಾಲೇಜಿನ ಕಾರ್ಡ್ ಸಾಮಾನ್ಯವಾಗಿ ನಡೆಯುವುದಿಲ್ಲ. ಪಾಸ್‌ಪೋರ್ಟ್ ಒಯ್ದು ಕಳೆದುಕೊಳ್ಳುವ ಬದಲು ಪ್ರೊವಿಷನಲ್ (ಕಲಿಯುವವರ) ಡ್ರೈವಿಂಗ್ ಲೈಸೆನ್ಸ್ ಮಾಡಿಸು: ಆನ್‌ಲೈನ್‌ನಲ್ಲಿ 34 ಪೌಂಡ್, ಇಲ್ಲಿ ಕನಿಷ್ಠ 185 ದಿನ ಇರಲು ಅನುಮತಿ ಇರಬೇಕು.

ಇಯರ್‌ಪ್ಲಗ್ ಮರೆಯಬೇಡ. 85 ಡೆಸಿಬೆಲ್ ಸದ್ದನ್ನು 8 ಗಂಟೆ ತಡೆಯಬಹುದು ಎಂದಿಟ್ಟುಕೊಂಡರೆ, ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತ ಹೋಗಿ 100ಕ್ಕೆ ಬರೀ 15 ನಿಮಿಷ ಉಳಿಯುತ್ತದೆ. ಹಾಲಿನ ಸ್ಪೀಕರ್ ಮುಂದೆ ಅಷ್ಟು ಸದ್ದು ಮಾಮೂಲು. ಹತ್ತಿಯುಂಡೆ ಸಾಲದು, ಸಂಗೀತಕ್ಕೆಂದೇ ಮಾಡಿದ್ದನ್ನು ಕೊಳ್ಳು. ಮಾತು, ಹಾಡು ಮಸುಕಾಗುವುದಿಲ್ಲ.

ಡಾಕ್ಟರ್ ಮಾರ್ಟೆನ್ಸ್ ಬೂಟು ಬೇಕು ಅಂದಿದ್ದೀಯ. ಲೇಸು ಪೋಣಿಸಲು ಎಂಟು ಜೊತೆ ಕಣ್ಣುಗಳಿರುವ 1460 ಮೂಲ ಮಾದರಿ, ಆ ಸಂಖ್ಯೆ 1960ರ ಏಪ್ರಿಲ್ 1ರ ತಾರೀಖು. ಅರ್ಧ ಸೈಜು ಸಿಗುವುದಿಲ್ಲ, ನಡುವೆ ಬಿದ್ದರೆ ಚಿಕ್ಕದನ್ನೇ ತೆಗೆದುಕೋ, ಚರ್ಮ ಸಡಿಲವಾಗುತ್ತದೆ. ಹಿಮ್ಮಡಿಯ ಕಡೆ ಚರ್ಮ ಗಟ್ಟಿಯಿರುವುದರಿಂದ ಮೊದಲ ದಿನವೇ ಗಿಗ್‌ಗೆ ಹಾಕಿಕೊಂಡು ಹೋದರೆ ಬೊಬ್ಬೆ ಏಳುತ್ತದೆ. ಎರಡು ವಾರ ದಪ್ಪ ಕಾಲುಚೀಲದೊಂದಿಗೆ ಮನೆಯಲ್ಲೇ ದಿನಕ್ಕೆ ಒಂದು ತಾಸು ಹಾಕು, ಹಿಮ್ಮಡಿಗೂ ಮಡಿಕೆಗೂ ಬಾಮ್ ಸವರು. ಹಳೇದು ಕೊಳ್ಳುವುದಾದರೆ ಅಟ್ಟೆಯನ್ನು ಬಗ್ಗಿಸಿ ಬಿರುಕು ನೋಡು. ಅಟ್ಟೆ ಒಡೆದಿದ್ದರೆ ರಿಪೇರಿಯ ಖರ್ಚಿಗೆ ಇನ್ನೊಂದು ಜೊತೆಯೇ ಬರುತ್ತದೆ.

ಶುರು ಮಾಡಲು ದೂರ ಹೋಗಬೇಕಿಲ್ಲ. ವಾಲ್ಸ್‌ಗ್ರೇವ್ ರೋಡಿನ ಟು ಟೋನ್ ವಿಲೇಜಿನಲ್ಲಿ ಕವೆಂಟ್ರಿ ಮ್ಯೂಸಿಕ್ ಮ್ಯೂಸಿಯಂ ಇದೆ. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಹೊರಡುವ ಮುಂಚೆ ಸಮಯ ನೋಡಿಕೋ.